ಜಾಲಪುಟದ ಚಿತ್ರ ಹಗುರವಾದ ಕಥೆ



ಪರೀಕ್ಷೆಗೋ ನೌಕರಿಗೋ ಅಂತರಜಾಲದ ಮೂಲಕ ಅರ್ಜಿ ಹಾಕಿದವರಿಗೆಲ್ಲ ಈ ತೊಡಕು ಪರಿಚಿತ. ಹೆಸರು, ವಿಳಾಸ, ಅಂಕಗಳನ್ನೆಲ್ಲ ತುಂಬಿ ಭಾವಚಿತ್ರ ಸೇರಿಸುವ ಹೊತ್ತಿಗೆ ಗಣಕ ತಡೆಯುತ್ತದೆ. ಬ್ಯಾಂಕ್ ನೇಮಕಾತಿಯ ಅರ್ಜಿಗಳಲ್ಲಿ ಭಾವಚಿತ್ರ 20ರಿಂದ 50 ಕಿಲೋಬೈಟ್, ಸಹಿ 10ರಿಂದ 20 ಕಿಲೋಬೈಟ್ ಇರಬೇಕೆಂಬ ನಿಯಮವುಂಟು. ನಿಮ್ಮ ಮೊಬೈಲಿನಲ್ಲಿ ತೆಗೆದ ಚಿತ್ರವೋ ನಾಲ್ಕು ಮೆಗಾಬೈಟ್. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಾಗಲಿ, ನಿಮ್ಮ ಊರಿನ ಬಸ್ ನಿಲ್ದಾಣದ ಎದುರಿಗಾಗಲಿ, ಜೆರಾಕ್ಸ್ ಅಂಗಡಿಯವರು ಎರಡೇ ನಿಮಿಷದಲ್ಲಿ 'ಕೆಬಿ ಕಡಿಮೆ ಮಾಡಿ' ಕೊಡುತ್ತಾರೆ. ಮುಖ ಅದೇ, ನಗು ಅದೇ. ತೂಕ ಮಾತ್ರ ನೂರರಲ್ಲಿ ಒಂದು ಪಾಲು!

ಉಳಿದ ತೊಂಬತ್ತೊಂಬತ್ತು ಪಾಲು ಎಲ್ಲಿ ಹೋಯಿತು? ಅಷ್ಟೆಲ್ಲ ಹೋದರೂ ನಿಮ್ಮ ಮುಖ ನಿಮ್ಮದಾಗಿಯೇ ಉಳಿದದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೊರಟರೆ ದಾರಿ ತಂತಿ ಕಚೇರಿಯ ಕಾಲಕ್ಕೂ ಹೋಗುತ್ತದೆ, ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಮೂಲಕವೂ ಹಾಯುತ್ತದೆ. ನೀವು ದಿನವೂ ತೆರೆಯುವ ಜಾಲಪುಟ ಬೇಗ ಮೂಡುವುದೋ ತಡವಾಗಿ ಮೂಡುವುದೋ ಎಂಬುದು ಬಹುಮಟ್ಟಿಗೆ ಈ ಕಥೆಯನ್ನೇ ಅವಲಂಬಿಸಿದೆ. ಬನ್ನಿ, ಆ ದಾರಿಯಲ್ಲಿ ಸ್ವಲ್ಪ ದೂರ ನಡೆಯೋಣ.

ಒತ್ತುವುದು ಮತ್ತು ತೂರುವುದು

ಗಣಕದ ಮಟ್ಟಿಗೆ ಚಿತ್ರವೆಂದರೆ ಚುಕ್ಕೆಗಳ ಸಾಲು. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಪ್ರಮಾಣವನ್ನು ಸೂಚಿಸುವ ಮೂರು ಸಂಖ್ಯೆಗಳು. ಒಂದೊಂದು ಸಂಖ್ಯೆಗೂ ಒಂದು ಬೈಟ್ ಜಾಗ. ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕೆಗಳಿರುವ ಚಿತ್ರದಲ್ಲಿ ಒಟ್ಟು 1 ಕೋಟಿ 20 ಲಕ್ಷ ಚುಕ್ಕೆಗಳಾದವು. ಇದ್ದದ್ದನ್ನು ಇದ್ದ ಹಾಗೆಯೇ ಬರೆದಿಟ್ಟರೆ 3 ಕೋಟಿ 60 ಲಕ್ಷ ಬೈಟ್, ಅಂದರೆ 36 ಮೆಗಾಬೈಟ್. ನಿಮ್ಮ ಮೊಬೈಲಿನಲ್ಲಿ ಅದು ನಾಲ್ಕು ಮೆಗಾಬೈಟ್ ಆಗಿರುವುದೇ ಒಮ್ಮೆ ಹಗುರ ಮಾಡಿದ ಮೇಲೆ!

ಹಗುರ ಮಾಡುವುದಕ್ಕೆ ಎರಡು ದಾರಿಗಳಿವೆ. ಎರಡನ್ನೂ ನಮ್ಮ ಸುತ್ತಲಿನ ಕೆಲಸಗಳಲ್ಲೇ ನೋಡಬಹುದು.

ಮೊದಲನೆಯದು ಒತ್ತುವುದು. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಹೆಸರಾದ ಊರು. ಬೀಜ ಬಿಡಿಸಿದ ಅರಳೆಯನ್ನು ಪ್ರೆಸ್ಸಿನಲ್ಲಿ ಒತ್ತಿ ಸುಮಾರು 170 ಕಿಲೋ ತೂಕದ ಬೇಲುಗಳಾಗಿ ಕಟ್ಟುತ್ತಾರೆ. ಬೇಲಿನ ಪಟ್ಟಿ ಕತ್ತರಿಸಿದರೆ ಅರಳೆ ಮತ್ತೆ ಉಬ್ಬಿಕೊಳ್ಳುತ್ತದೆ. ಒಂದು ಎಳೆಯೂ ಕಳೆದುಹೋಗಿರುವುದಿಲ್ಲ. ಚಿತ್ರದಲ್ಲಿಯೂ ಹೀಗೆ ಮಾಡಬಹುದು. ಒಂದು ಸಾಲಿನಲ್ಲಿ 200 ಚುಕ್ಕೆಗಳು ಒಂದೇ ನೀಲಿ ಬಣ್ಣದವಾಗಿದ್ದರೆ 'ನೀಲಿ, ನೀಲಿ, ನೀಲಿ' ಎಂದು 200 ಸಲ ಬರೆಯುವ ಬದಲು 'ನೀಲಿ, 200' ಎಂದು ಬರೆದರೆ ಸಾಕು. ಬಿಡಿಸಿ ನೋಡಿದಾಗ ಮೂಲ ಚಿತ್ರ ಚಾಚೂ ತಪ್ಪದೆ ಸಿಗುತ್ತದೆ.

ಎರಡನೆಯದು ತೂರುವುದು. ಕಣದಲ್ಲಿ ಗಾಳಿ ಬಂದಾಗ ಮೊರ ಎತ್ತಿ ಸುರಿದರೆ ಹೊಟ್ಟು, ಜೊಳ್ಳು ಹಾರಿಹೋಗಿ ಕಾಳು ಕೆಳಗೆ ಬೀಳುತ್ತದೆ. ಹಾರಿದ ಹೊಟ್ಟು ಮತ್ತೆ ಬರುವುದಿಲ್ಲ; ಬರಬೇಕಾಗಿಯೂ ಇಲ್ಲ. ಚಿತ್ರದಲ್ಲಿಯೂ ಕಣ್ಣಿಗೆ ಬೇಕಾದ ಕಾಳು ಇರುವಂತೆ ಕಣ್ಣು ಗಮನಿಸದ ಹೊಟ್ಟೂ ಇರುತ್ತದೆ. ಒತ್ತುವುದರಿಂದ ಛಾಯಾಚಿತ್ರವೊಂದು ಹೆಚ್ಚೆಂದರೆ ಅರ್ಧಕ್ಕೋ ಮೂರನೆಯ ಒಂದಕ್ಕೋ ಇಳಿದೀತು. ತೂರಿದರೆ ಹತ್ತರಲ್ಲಿ ಒಂದಕ್ಕೆ, ಇನ್ನೂ ಕೆಳಕ್ಕೂ ಇಳಿಯುತ್ತದೆ. ಆದರೆ ಚಿತ್ರದಲ್ಲಿ ಕಾಳು ಯಾವುದು, ಹೊಟ್ಟು ಯಾವುದು ಎಂದು ಬೇರ್ಪಡಿಸುವ ಗಾಳಿ ಎಲ್ಲಿಂದ ತರುವುದು? ಇತಿಹಾಸದ ತಿರುಳು ಇರುವುದೇ ಇಲ್ಲಿ.

ತಂತಿಯ ಕಾಲದ ಪಾಠ

ಕಡಿಮೆ ಸಂಕೇತದಲ್ಲಿ ಹೆಚ್ಚು ಹೇಳಬೇಕೆಂಬ ಆಸೆ ಗಣಕಕ್ಕಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಮೋರ್ಸ್ ತಂತಿ ಸಂಕೇತವನ್ನೇ ನೋಡಿ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ 'ಇ' ಅಕ್ಷರಕ್ಕೆ ಒಂದೇ ಒಂದು ಚುಕ್ಕೆ. ಅಪರೂಪದ 'ಕ್ಯೂ' ಅಕ್ಷರಕ್ಕೆ ನಾಲ್ಕು ಗುರುತುಗಳು. ಹೆಚ್ಚು ಬಳಸುವುದನ್ನು ಚಿಕ್ಕದಾಗಿ ಬರೆ, ಅಪರೂಪದ್ದು ಉದ್ದವಾದರೂ ಚಿಂತೆಯಿಲ್ಲ ಎಂಬುದು ಇದರ ಸೂತ್ರ.

1920ರ ದಶಕದ ಆರಂಭದಲ್ಲಿ ಪತ್ರಿಕೆಗಳಿಗಾಗಿ ಲಂಡನ್ನಿಂದ ನ್ಯೂಯಾರ್ಕಿಗೆ ಸಮುದ್ರದಡಿಯ ತಂತಿಯ ಮೂಲಕ ಚಿತ್ರ ಕಳಿಸುವ 'ಬಾರ್ಟ್‌ಲೇನ್' ಪದ್ಧತಿ ಬಂತು. ಹಡಗಿನಲ್ಲಿ ವಾರಕ್ಕೂ ಮಿಕ್ಕಿ ಹಿಡಿಯುತ್ತಿದ್ದ ಪ್ರಯಾಣ ಮೂರು ಗಂಟೆಯೊಳಗೆ ಮುಗಿಯತೊಡಗಿತು. ಅದಕ್ಕಾಗಿ ಚಿತ್ರದ ಛಾಯೆಗಳನ್ನು ಮೊದಲಿಗೆ ಐದೇ ಐದು ಹಂತಗಳಿಗೆ ಇಳಿಸಲಾಗಿತ್ತು. ಚಿತ್ರ ಬೇಗ ಬರಬೇಕಾದರೆ ಏನನ್ನಾದರೂ ಬಿಡಲೇಬೇಕು ಎಂಬ ಮಾತು ಆಗಲೇ ಜಾರಿಗೆ ಬಂದಿತ್ತು.

1948ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಈ ಅನುಭವಗಳಿಗೆಲ್ಲ ಗಣಿತದ ತಳಹದಿ ಹಾಕಿಕೊಟ್ಟರು. ಯಾವ ಸಂದೇಶವನ್ನೂ ಏನೂ ಕಳೆಯದಂತೆ ಎಲ್ಲಿಯವರೆಗೆ ಒತ್ತಬಹುದು ಎಂಬುದಕ್ಕೆ ಒಂದು ಮಿತಿಯಿದೆಯೆಂದು ಅವರು ಸಾಧಿಸಿದರು. ಎಂ.ಐ.ಟಿ.ಯಲ್ಲಿ ಓದುತ್ತಿದ್ದ ಡೇವಿಡ್ ಹಫ್‌ಮನ್ ಎಂಬ ವಿದ್ಯಾರ್ಥಿಗೆ ಅಧ್ಯಾಪಕರು ಪರೀಕ್ಷೆ ಬರೆಯಬಹುದು ಅಥವಾ ಒಂದು ಪ್ರಬಂಧ ಸಿದ್ಧಪಡಿಸಬಹುದು ಎಂದಿದ್ದರು. ಹಫ್‌ಮನ್ ಪ್ರಬಂಧವನ್ನು ಆರಿಸಿಕೊಂಡರು. ಹೆಚ್ಚು ಬರುವ ಸಂಕೇತಕ್ಕೆ ಚಿಕ್ಕ ಗುರುತು ಕೊಡುವ ಅತ್ಯುತ್ತಮ ವಿಧಾನ ಅದರಿಂದ ಹುಟ್ಟಿ 1952ರಲ್ಲಿ ಪ್ರಕಟವಾಯಿತು. ನಿಮ್ಮ ಭಾವಚಿತ್ರದ ಕಡತದೊಳಗೆ ಹಫ್‌ಮನ್ ಅವರ ಆ ಪ್ರಬಂಧ ಇಂದಿಗೂ ಕೆಲಸ ಮಾಡುತ್ತಿದೆ. ಆದರೆ ಅದು ಒತ್ತುವ ಯಂತ್ರ. ತೂರುವ ಗಾಳಿ ಇನ್ನೂ ಬೀಸಬೇಕಾಗಿತ್ತು.

ಬೆಂಗಳೂರಿನಿಂದ ಕ್ಯಾನ್ಸಸ್‌ಗೆ

ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಓದಿ, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1917ರಲ್ಲಿ ಆರಂಭವಾದ, ಇಂದು ಯು.ವಿ.ಸಿ.ಇ. ಎಂದು ಕರೆಯುವ ಎಂಜಿನಿಯರಿಂಗ್ ಕಾಲೇಜಿನಿಂದ 1961ರಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿ ಪದವಿ ಪಡೆದರು. ಮುಂದೆ ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದಲ್ಲಿ 1963ರಲ್ಲಿ ಸ್ನಾತಕೋತ್ತರ ಪದವಿ, 1966ರಲ್ಲಿ ಡಾಕ್ಟರೇಟ್. ಎರಡು ವರ್ಷ ಉದ್ಯಮದಲ್ಲಿದ್ದು 1968ರಲ್ಲಿ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು.

ಆ ದಿನಗಳಲ್ಲಿ ಚಿತ್ರವನ್ನು ಹಗುರ ಮಾಡುವವರ ಮುಂದೆ ಒಂದು ಆದರ್ಶ ವಿಧಾನವಿತ್ತು. ಅದರ ಹೆಸರು ಕಾರ್ಹುನೆನ್-ಲೋಯೆವ್ ಪರಿವರ್ತನೆ. ತತ್ತ್ವದಲ್ಲಿ ಅದಕ್ಕಿಂತ ಉತ್ತಮವಾದುದಿಲ್ಲ. ಆದರೆ ಅದರ ಲೆಕ್ಕ ಆಯಾ ಚಿತ್ರದ ಸ್ವಭಾವವನ್ನೇ ಅವಲಂಬಿಸಿತ್ತು. ಬೇಗ ಮಾಡಿ ಮುಗಿಸುವ ದಾರಿಯಿರಲಿಲ್ಲ. ಪ್ರತಿಯೊಬ್ಬರ ಅಳತೆ ತೆಗೆದು ಅಂಗಿ ಹೊಲಿದ ಹಾಗೆ. ಎಲ್ಲರಿಗೂ ಹೆಚ್ಚುಕಡಿಮೆ ಒಪ್ಪುವ, ಸಿದ್ಧ ಅಂಗಿಯಂಥ ಒಂದು ಪರಿವರ್ತನೆ ಬೇಕಾಗಿತ್ತು. ಕೊಸೈನ್ ಅಲೆಗಳನ್ನು ಬಳಸಿ ಅದನ್ನು ಕಟ್ಟಬಹುದೆಂದು ಅಹ್ಮದ್ ಅವರಿಗೆ 1972ರಲ್ಲಿ ತೋಚಿತು.

ಸಂಶೋಧನೆಗೆ ಹಣ ಕೋರಿ ಅವರು ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ನಿಗೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಈ ವಿಚಾರ ತೀರಾ ಸರಳವಾಗಿ ಕಾಣುತ್ತದೆ ಎಂಬುದು ಒಬ್ಬ ಪರಿಶೀಲಕರ ಅಭಿಪ್ರಾಯವಾಗಿತ್ತೆಂದು ಅಹ್ಮದ್ ಅವರೇ 1991ರಲ್ಲಿ ಬರೆದ ಲೇಖನವೊಂದರಲ್ಲಿ ನೆನೆದಿದ್ದಾರೆ. ಹಣ ಬರಲಿಲ್ಲವೆಂದು ಅವರು ಕೈಬಿಡಲಿಲ್ಲ. 1973ರ ಬೇಸಗೆಯನ್ನೆಲ್ಲ ಇದಕ್ಕೇ ಮೀಸಲಿಟ್ಟರು. ಡಾಕ್ಟರೇಟ್ ವಿದ್ಯಾರ್ಥಿ ಟಿ. ನಟರಾಜನ್ ಹಾಗೂ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಆರ್ಲಿಂಗ್ಟನ್ ಕೇಂದ್ರದಲ್ಲಿದ್ದ ಸ್ನೇಹಿತ ಕೆ.ಆರ್. ರಾವ್ ಜೊತೆಗೂಡಿದರು. ಬಂದ ಫಲಿತಾಂಶ ನಂಬಲಾಗದಷ್ಟು ಚೆನ್ನಾಗಿತ್ತು. ಹಾಗಾಗಿಯೇ ಅಹ್ಮದ್ ಅವರಿಗೆ ಅನುಮಾನ! ಇನ್ನೊಬ್ಬ ತಜ್ಞರಿಗೆ ತೋರಿಸಿ, ಆದರ್ಶ ವಿಧಾನದ ಪಕ್ಕದಲ್ಲಿಟ್ಟು ಹೋಲಿಸಿ ನೋಡಿದರು. ಎರಡಕ್ಕೂ ಇದ್ದ ಅಂತರ ಬಹಳ ಕಡಿಮೆ.

1974ರ ಜನವರಿಯಲ್ಲಿ ಮೂವರ ಹೆಸರಿನಲ್ಲಿ ಆ ಪ್ರಬಂಧ ಐ.ಟ್ರಿಪಲ್.ಇ. ಸಂಸ್ಥೆಯ ಗಣಕ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಶೀರ್ಷಿಕೆ 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್'. ನಾಲ್ಕೇ ಪುಟಗಳು. ಗಣಿತದ ಹೆಸರನ್ನು ಚಿಕ್ಕದು ಮಾಡಿ 'ಡಿ.ಸಿ.ಟಿ.' ಎನ್ನುತ್ತಾರೆ. ಇಂದು ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಸಂಕೇತ ಸಂಸ್ಕರಣದ ಪಾಠದಲ್ಲಿ ಈ ಮೂರಕ್ಷರ ಕಂಡಾಗ ಅದು ದೂರದ ವಿಷಯವೆಂದುಕೊಳ್ಳಬೇಕಾಗಿಲ್ಲ. ತನ್ನಂತೆಯೇ ಕರ್ನಾಟಕದ ಕಾಲೇಜಿನಲ್ಲಿ ಬಿ.ಇ. ಓದಿದವರ ಕೆಲಸ ಅದು.

ಅಲೆಗಳ ಲೆಕ್ಕ

ಈಗ ಆ ಗಾಳಿ ಬೀಸುವ ಬಗೆಯನ್ನು ತಿಳಿಯೋಣ. ದಾವಣಗೆರೆಗೆ ಹತ್ತಿರದ ಹರಿಹರದಲ್ಲಿ ಹೊಯ್ಸಳರ ಕಾಲದ, 1224ರಲ್ಲಿ ಕಟ್ಟಿದ ಹರಿಹರೇಶ್ವರ ದೇವಾಲಯವಿದೆ. ಅದರ ಒಂದು ಛಾಯಾಚಿತ್ರ ತೆಗೆದಿರೆಂದು ಇಟ್ಟುಕೊಳ್ಳಿ. ಮೇಲೆ ನೀಲಿ ಆಕಾಶ, ಕೆಳಗೆ ಕಡೆದ ಕಂಬಗಳ ಸಾಲು.

ಚಿತ್ರವನ್ನು ಅಡ್ಡ 8, ಉದ್ದ 8 ಚುಕ್ಕೆಗಳ ಚಿಕ್ಕ ಚೌಕಗಳಾಗಿ ಕತ್ತರಿಸಿ. ಒಂದು ಚೌಕದಲ್ಲಿ 64 ಚುಕ್ಕೆಗಳು. ಆಕಾಶದ ಚೌಕವೊಂದನ್ನು ನೋಡಿದರೆ ಎಲ್ಲ ಚುಕ್ಕೆಗಳೂ ಬಹುತೇಕ ಒಂದೇ ಬಣ್ಣ; ಎಡದಿಂದ ಬಲಕ್ಕೆ ತುಸುವೇ ತಿಳಿಯಾಗುತ್ತ ಹೋದೀತು. ಕಂಬದ ಅಂಚಿನ ಚೌಕದಲ್ಲಾದರೋ ಬೆಳಕು, ನೆರಳು, ಮತ್ತೆ ಬೆಳಕು, ಹೀಗೆ ಬೇಗ ಬೇಗನೆ ಬದಲಾವಣೆ.

ಯಾವ ಏರಿಳಿತವನ್ನೂ ಹಲವು ಅಲೆಗಳ ಮೊತ್ತವಾಗಿ ಬರೆಯಬಹುದೆಂಬ ವಿಚಾರವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಜೋಸೆಫ್ ಫೋರಿಯೇ ಶಾಖದ ಹರಿವನ್ನು ಅಭ್ಯಾಸ ಮಾಡುವಾಗ ಮುಂದಿಟ್ಟಿದ್ದರು. ಡಿ.ಸಿ.ಟಿ. ಅದೇ ವಂಶದ್ದು. ಅದು 64 ಚುಕ್ಕೆಗಳನ್ನು 64 ಅಲೆಗಳ ಪ್ರಮಾಣವಾಗಿ ತಿರುಗಿಸಿ ಬರೆಯುತ್ತದೆ. ಮೊದಲ ಸಂಖ್ಯೆ ಚೌಕದ ಸರಾಸರಿ ಹೊಳಪನ್ನು ಸೂಚಿಸುತ್ತದೆ. ನಂತರದವು ನಿಧಾನವಾಗಿ ಏರಿಳಿಯುವ ಅಲೆಗಳು. ಕೊನೆಕೊನೆಯವು ಅತಿ ಬೇಗ ಏರಿಳಿಯುವ ಸೂಕ್ಷ್ಮ ಅಲೆಗಳು.

ಇಷ್ಟರಲ್ಲಿ ಏನೂ ಕಳೆದಿಲ್ಲ. 64 ಸಂಖ್ಯೆಗಳು ಬೇರೆ 64 ಸಂಖ್ಯೆಗಳಾಗಿವೆ, ಅಷ್ಟೆ. ಆದರೆ ಒಂದು ಚಮತ್ಕಾರ ನಡೆದಿದೆ. ಸಾಮಾನ್ಯ ಛಾಯಾಚಿತ್ರಗಳಲ್ಲಿ ತೂಕವೆಲ್ಲ ಮೊದಲ ಕೆಲವು ಸಂಖ್ಯೆಗಳಿಗೆ ಬಂದು ಸೇರುತ್ತದೆ. ಉಳಿದವು ಸೊನ್ನೆಗೆ ಹತ್ತಿರವಾಗುತ್ತವೆ. ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ!

ಇನ್ನು ತೂರುವುದಷ್ಟೇ ಬಾಕಿ. ಒಂದು ಚೌಕದ ಮೊದಲ ನಾಲ್ಕು ಸಂಖ್ಯೆಗಳು 812, 43, 7, 3 ಎಂದಿರಲಿ. ಅವನ್ನು ಕ್ರಮವಾಗಿ 16, 11, 10, 16ರಿಂದ ಭಾಗಿಸಿ, ಹತ್ತಿರದ ಪೂರ್ಣಾಂಕಕ್ಕೆ ತನ್ನಿ. 51, 4, 1, 0 ಆಗುತ್ತವೆ. ಬಿಡಿಸುವಾಗ ಅದೇ ಸಂಖ್ಯೆಗಳಿಂದ ಗುಣಿಸಿದರೆ 816, 44, 10, 0 ಸಿಗುತ್ತವೆ. ಮೂಲಕ್ಕೂ ಇದಕ್ಕೂ ಸ್ವಲ್ಪ ವ್ಯತ್ಯಾಸವಿದೆ, ಕಣ್ಣಿಗೆ ಗೊತ್ತಾಗುವಷ್ಟಿಲ್ಲ. ಮುಂದಿನ ಸೂಕ್ಷ್ಮ ಅಲೆಗಳನ್ನು ಇನ್ನೂ ದೊಡ್ಡ ಸಂಖ್ಯೆಗಳಿಂದ ಭಾಗಿಸುವುದರಿಂದ ಸಾಲುಸಾಲಾಗಿ ಸೊನ್ನೆಗಳು ಬರುತ್ತವೆ. ಸೊನ್ನೆಗಳ ಸಾಲನ್ನು 'ಸೊನ್ನೆ, ಇಷ್ಟು' ಎಂದು ಒತ್ತಿ, ಕೊನೆಗೆ ಹಫ್‌ಮನ್ ವಿಧಾನದಿಂದ ಬಿಗಿದರೆ ಮುಗಿಯಿತು. ಮೊದಲು ತೂರಿ, ಆಮೇಲೆ ಒತ್ತಿದಂತಾಯಿತು. ತಂತ್ರಾಂಶದಲ್ಲಿ ನೀವು 'ಗುಣಮಟ್ಟ 80' ಅಥವಾ '50' ಎಂದು ಆರಿಸುತ್ತೀರಲ್ಲ, ಅದು ಈ ಭಾಜಕಗಳನ್ನು ಚಿಕ್ಕದಾಗಿಡಬೇಕೋ ದೊಡ್ಡದು ಮಾಡಬೇಕೋ ಎಂಬ ಆಯ್ಕೆ.

ಬಣ್ಣದಲ್ಲಿ ಇನ್ನೊಂದು ಉಳಿತಾಯವಿದೆ. ನಮ್ಮ ಕಣ್ಣು ಹೊಳಪಿನ ವ್ಯತ್ಯಾಸವನ್ನು ಗುರುತಿಸುವಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸದು. ಹಾಗಾಗಿ ಹೊಳಪನ್ನು ಪೂರ್ತಿ ಇಟ್ಟು, ಎರಡು ಬಣ್ಣದ ಪದರಗಳನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧ ಮಾಡಿದರೆ ಒಂದೊಂದೂ ಕಾಲು ಪಾಲಾಗುತ್ತದೆ. ಮೂರು ಪಾಲಿದ್ದದ್ದು ಒಂದೂವರೆ ಪಾಲಾಯಿತು! ಟೆಲಿವಿಷನ್ ಎಂಜಿನಿಯರುಗಳಿಗೆ ಇದು ಮೊದಲೇ ಗೊತ್ತಿತ್ತು. 1982ರಲ್ಲಿ ನಮ್ಮ ದೇಶದಲ್ಲಿ ಬಣ್ಣದ ಪ್ರಸಾರ ಆರಂಭವಾದಾಗಲೂ ಬಣ್ಣಕ್ಕೆ ಹೊಳಪಿಗಿಂತ ಕಿರಿದಾದ ದಾರಿಯನ್ನೇ ಕೊಡಲಾಗಿತ್ತು.

ಕಣ್ಣನ್ನೇ ಕೇಳಿದ ಸಮಿತಿ

ಒಂದು ಗಣಕದಲ್ಲಿ ಹಗುರ ಮಾಡಿದ ಚಿತ್ರವನ್ನು ಇನ್ನೊಂದು ಗಣಕ ಬಿಡಿಸಬೇಕಾದರೆ ಇಬ್ಬರಿಗೂ ಒಂದೇ ನಿಯಮ ಇರಬೇಕು. ಇದಕ್ಕಾಗಿ 1986ರಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಮತ್ತು ದೂರಸಂಪರ್ಕ ಸಂಸ್ಥೆಗಳ ತಜ್ಞರು ಸೇರಿ 'ಜಾಯಿಂಟ್ ಫೋಟೋಗ್ರಾಫಿಕ್ ಎಕ್ಸ್‌ಪರ್ಟ್ಸ್ ಗ್ರೂಪ್' ಎಂಬ ಸಮಿತಿ ಮಾಡಿಕೊಂಡರು. ನಾವು ದಿನವೂ ಹೇಳುವ 'ಜೆಪೆಗ್' ಈ ಹೆಸರಿನ ಮೊದಲಕ್ಷರಗಳೇ.

ಸಮಿತಿಯ ಮುಂದೆ 12 ವಿಧಾನಗಳು ಬಂದವು. ಅವರು ಸೂತ್ರಗಳನ್ನು ನೋಡಿ ತೀರ್ಪು ಕೊಡಲಿಲ್ಲ. ಯಾವ ಚಿತ್ರ ಯಾವ ವಿಧಾನದ್ದೆಂದು ತಿಳಿಸದೆ ನೋಡುವವರ ಮುಂದಿಟ್ಟರು. 1987ರ ಜೂನ್‌ನಲ್ಲಿ ಮೂರು ಉಳಿದವು. 1988ರ ಜನವರಿಯಲ್ಲಿ ಮತ್ತೂ ಕಟ್ಟುನಿಟ್ಟಾದ ಪರೀಕ್ಷೆ ನಡೆಯಿತು. ಗೆದ್ದದ್ದು 8 ಬೈ 8 ಚೌಕದ ಡಿ.ಸಿ.ಟಿ. ವಿಧಾನ. 1992ರಲ್ಲಿ ಮಾನಕ ಅಂಗೀಕಾರವಾಯಿತು. ತೀರಾ ಸರಳವೆಂದು ಪಕ್ಕಕ್ಕಿಟ್ಟ ವಿಚಾರ ಇಪ್ಪತ್ತು ವರ್ಷಗಳಲ್ಲಿ ಜಗತ್ತಿನ ನಿಯಮವಾಯಿತು. ಸರಳವಾಗಿದ್ದುದರಿಂದಲೇ ಅದನ್ನು ಅಗ್ಗದ ಯಂತ್ರಗಳಲ್ಲಿಯೂ ಅಳವಡಿಸಲು ಸಾಧ್ಯವಾಯಿತೆಂಬುದನ್ನು ಮರೆಯಬಾರದು.

ಪುಟದೊಳಗೆ ಚಿತ್ರ ಬಂದಾಗ

ಸ್ವಿಟ್ಜರ್ಲೆಂಡಿನ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ರೂಪಿಸಿದ ಜಾಲ ಮೊದಲಿಗೆ ಬರಹದ ಜಾಲವಾಗಿತ್ತು. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಿಂದ ಹೊರಬಂದ 'ಮೊಸಾಯಿಕ್' ತಂತ್ರಾಂಶ ಬರಹದ ನಡುವೆಯೇ ಚಿತ್ರ ತೋರಿಸಿ ಅದರ ರೂಪವನ್ನೇ ಬದಲಿಸಿತು. ಅದರ ಜೊತೆಗೇ ಕಾಯುವ ಕಷ್ಟವೂ ಶುರುವಾಯಿತು.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ದೂರವಾಣಿ ತಂತಿಯಲ್ಲಿ ಸಿಗುತ್ತಿದ್ದ ವೇಗ ಸೆಕೆಂಡಿಗೆ 9,600 ಬಿಟ್. ಒಂದು ಸಣ್ಣ ಲೆಕ್ಕ ಮಾಡಿ. 640 ಬೈ 480 ಚುಕ್ಕೆಗಳ ಚಿತ್ರಕ್ಕೆ ಮೂರು ಬೈಟ್‌ನಂತೆ 9,21,600 ಬೈಟ್; ಎಂಟರಿಂದ ಗುಣಿಸಿದರೆ 73,72,800 ಬಿಟ್. 9,600ರಿಂದ ಭಾಗಿಸಿದರೆ 768 ಸೆಕೆಂಡು. ಒಂದು ಚಿತ್ರಕ್ಕೆ ಸುಮಾರು 13 ನಿಮಿಷ! ಜೆಪೆಗ್ ವಿಧಾನದಿಂದ ಹತ್ತರಲ್ಲಿ ಒಂದಕ್ಕೆ ಇಳಿಸಿದರೆ 77 ಸೆಕೆಂಡು. ಅದೂ ಕಡಿಮೆಯಲ್ಲ, ಆದರೆ ಕಾಯಬಹುದಾದಷ್ಟು. ಚಿತ್ರ ಹಗುರವಾಗದಿದ್ದರೆ ಜಾಲಪುಟಗಳಲ್ಲಿ ಛಾಯಾಚಿತ್ರಗಳೇ ಇರುತ್ತಿರಲಿಲ್ಲ ಎನ್ನುವುದು ಅತಿಶಯೋಕ್ತಿಯಲ್ಲ.

ಅಂದು ಜಾಲದಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದುದು 1987ರಲ್ಲಿ ಬಂದ 'ಜಿಫ್'. ಅದರಲ್ಲಿ 256 ಬಣ್ಣಗಳಿಗಷ್ಟೇ ಅವಕಾಶ. 1994ರ ಕೊನೆಯಲ್ಲಿ ಅದರೊಳಗಿನ ಒತ್ತುವ ವಿಧಾನಕ್ಕೆ ಪೇಟೆಂಟ್ ಹೊಂದಿದ್ದ ಯುನಿಸಿಸ್ ಕಂಪನಿ ತಂತ್ರಾಂಶ ತಯಾರಿಸುವವರಿಂದ ಶುಲ್ಕ ಕೇಳಿತು. ಬಳಕೆದಾರರು ಸಿಟ್ಟಾದರು, ಯಾರಿಗೂ ಶುಲ್ಕ ಕೊಡಬೇಕಾಗಿಲ್ಲದ 'ಪಿ.ಎನ್.ಜಿ.' 1996ರಲ್ಲಿ ಸಿದ್ಧವಾಯಿತು. ಜೆಪೆಗ್ ಮೇಲೂ 2002ರಲ್ಲಿ ಒಂದು ಕಂಪನಿ ಪೇಟೆಂಟ್ ಹಕ್ಕು ಹೂಡಿತ್ತು. ಆ ವಿವಾದ 2006ರಲ್ಲಿ ತಣ್ಣಗಾಯಿತು. ಮುಂದೆ 2010ರಲ್ಲಿ ಗೂಗಲ್ 'ವೆಬ್‌ಪಿ'ಯನ್ನು ತಂದಿತು; 2019ರಲ್ಲಿ 'ಎ.ವಿ.ಐ.ಎಫ್.' ಬಂತು. ಅದೇ ಗುಣಮಟ್ಟಕ್ಕೆ ಇವು ಇನ್ನೂ ಹಗುರ. ಆದರೂ ಅಲೆಗಳಾಗಿ ಬಿಡಿಸಿ ಬೇಡದ್ದನ್ನು ತೂರುವ ಮೂಲ ಉಪಾಯ ಇವುಗಳಲ್ಲಿಯೂ ಮುಂದುವರಿದಿದೆ.

ನಮ್ಮ ಟೆಲಿವಿಷನ್ನಿಗೂ ಇದೇ ಆಸರೆ. ಸಾಮಾನ್ಯ ಸ್ಪಷ್ಟತೆಯ ಡಿಜಿಟಲ್ ಚಿತ್ರವೆಂದರೆ 720 ಬೈ 576 ಚುಕ್ಕೆಗಳು, ಸೆಕೆಂಡಿಗೆ 25 ಚಿತ್ರಗಳು. ಸ್ಟುಡಿಯೋದಲ್ಲಿ ಇದು ಸೆಕೆಂಡಿಗೆ ಸುಮಾರು 16.6 ಕೋಟಿ ಬಿಟ್. ಡಿ.ಸಿ.ಟಿ. ಆಧರಿಸಿದ 'ಎಂಪೆಗ್-2' ವಿಧಾನ ಇದನ್ನು ನಾಲ್ಕೈದು ದಶಲಕ್ಷ ಬಿಟ್‌ಗಳಿಗೆ ಇಳಿಸುತ್ತದೆ. 2004ರ ಡಿಸೆಂಬರಿನಲ್ಲಿ ದೂರದರ್ಶನ ಆರಂಭಿಸಿದ ಉಚಿತ ಡಿ.ಟಿ.ಎಚ್. ಸೇವೆ ಚಿಕ್ಕ ತಟ್ಟೆಯೊಂದರ ಮೂಲಕ ಹಲವಾರು ವಾಹಿನಿಗಳನ್ನು ಹಳ್ಳಿ ಹಳ್ಳಿಗೆ ಮುಟ್ಟಿಸಲು ಸಾಧ್ಯವಾದದ್ದು ಹೀಗೆ. 2021ರ ಫೆಬ್ರವರಿಯಲ್ಲಿ ಅಮೆರಿಕದ 'ದಿಸ್ ಈಸ್ ಅಸ್' ಎಂಬ ಧಾರಾವಾಹಿಯ ಒಂದು ಕಂತಿನಲ್ಲಿ ಅಹ್ಮದ್ ದಂಪತಿಗಳ ಕಥೆ ಬಂತು. ಕೋವಿಡ್ ಕಾಲದಲ್ಲಿ ದೂರವಾದವರು ಪರದೆಯ ಮೇಲೆ ಒಬ್ಬರನ್ನೊಬ್ಬರು ನೋಡುವಂತೆ ಮಾಡಿದ ಗಣಿತದ ಹಿಂದೆ ಯಾರಿದ್ದಾರೆಂದು ಅನೇಕರಿಗೆ ತಿಳಿದದ್ದೇ ಆಗ.

ಅಕ್ಷರವನ್ನು ಚಿತ್ರ ಮಾಡಿದರೆ

ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಒಂದಿದೆ. ಎಷ್ಟೋ ಕಡೆ ಕನ್ನಡದ ಸೂಚನೆ, ಸುತ್ತೋಲೆಗಳನ್ನು ಫೋಟೋ ತೆಗೆದು ಜಾಲತಾಣದಲ್ಲಿ ಹಾಕುವುದುಂಟು. ಓದುಗರ ಗಣಕದಲ್ಲಿ ಕನ್ನಡ ಫಾಂಟ್ ಇಲ್ಲದಿದ್ದ ಕಾಲದಲ್ಲಿ ಅದಕ್ಕೆ ಕಾರಣವಿತ್ತು. ಈಗ ಯುನಿಕೋಡ್ ಕನ್ನಡ ಸಾಮಾನ್ಯ ಮೊಬೈಲಿನಲ್ಲಿಯೂ ಮೂಡುತ್ತದೆ.

'ದಾವಣಗೆರೆ' ಎಂಬ ಪದವನ್ನು ತೆಗೆದುಕೊಳ್ಳಿ. ಅಕ್ಷರ, ಕಾಗುಣಿತದ ಗುರುತು ಸೇರಿ ಎಂಟು ಸಂಕೇತಗಳು. ಒಂದಕ್ಕೆ ಮೂರು ಬೈಟ್‌ನಂತೆ 24 ಬೈಟ್. ಸಾವಿರ ಸಂಕೇತಗಳ ಒಂದು ಸೂಚನೆಗೆ ಮೂರು ಕಿಲೋಬೈಟ್ ಸಾಕು. ಅದನ್ನೇ ಫೋಟೋ ಮಾಡಿದರೆ ಅದರ ನೂರು ಪಟ್ಟು ಆದರೂ ಆಶ್ಚರ್ಯವಿಲ್ಲ. ಜೊತೆಗೆ ಇನ್ನೊಂದು ತೊಂದರೆ: ಬಿಳಿ ಹಾಳೆಯ ಮೇಲಿನ ಕಪ್ಪು ಅಕ್ಷರದ ಅಂಚು ಅತಿ ಬೇಗ ಬದಲಾಗುವ ಅಲೆ. ಜೆಪೆಗ್ ತೂರುವುದು ಅಂಥ ಅಲೆಗಳನ್ನೇ. ಹಾಗಾಗಿ ಅಕ್ಷರದ ಸುತ್ತ ಧೂಳಿನಂಥ ಮಸುಕು ಏಳುತ್ತದೆ, ಒತ್ತಕ್ಷರಗಳು ಕಲಸಿಹೋಗುತ್ತವೆ. ದೃಷ್ಟಿಯಿಲ್ಲದವರಿಗೆ ಬರಹವನ್ನು ಓದಿ ಹೇಳುವ ತಂತ್ರಾಂಶಕ್ಕೆ ಬರೀ ಫೋಟೋದೊಳಗಿನ ಅಕ್ಷರ ಅಕ್ಷರವಾಗಿ ದಕ್ಕುವುದಿಲ್ಲ. ಬರಹವನ್ನು ಬರಹವಾಗಿಯೇ ಹಾಕಿ. ನಕ್ಷೆ, ರೇಖಾಚಿತ್ರ, ಕೋಷ್ಟಕಗಳಿದ್ದರೆ ಏನನ್ನೂ ಕಳೆಯದ ಪಿ.ಎನ್.ಜಿ. ಬಳಸಿ.

ಕಾಳೂ ಹಾರಿಹೋದಾಗ

ತೂರುವವನ ಕೈ ಮಿತಿ ಮೀರಿದರೆ ಹೊಟ್ಟಿನ ಜೊತೆ ಕಾಳೂ ಹಾರುತ್ತದೆ. 2013ರ ಆಗಸ್ಟಿನಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಗಣಕ ವಿಜ್ಞಾನಿ ಒಂದು ವಿಚಿತ್ರವನ್ನು ಬಯಲಿಗೆ ತಂದರು. ಜೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನರುಗಳು ಕಟ್ಟಡದ ನಕ್ಷೆಯೊಂದರಲ್ಲಿ ಕೋಣೆಗಳ ವಿಸ್ತೀರ್ಣದ ಅಂಕಿಗಳನ್ನೇ ಬದಲಾಯಿಸಿಬಿಟ್ಟಿದ್ದವು! ಕಡತವನ್ನು ಹಗುರ ಮಾಡಲು ಅದು ಬಳಸಿದ ವಿಧಾನ, ಒಂದರಂತೆ ಒಂದು ಕಾಣುವ ಗುರುತುಗಳನ್ನು ಒಂದೇ ಎಂದು ತಿಳಿದು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟಿತ್ತು. 6 ಇದ್ದಲ್ಲಿ 8. ಮಸುಕಾಗಿದ್ದರೆ ಅನುಮಾನವಾದರೂ ಬರುತ್ತಿತ್ತು. ಇಲ್ಲಿ ತಪ್ಪು ಅಂಕಿ ಸ್ಪಷ್ಟವಾಗಿ, ಅಚ್ಚುಕಟ್ಟಾಗಿ ಕುಳಿತಿತ್ತು. ಕಂಪನಿ ಮುಂದೆ ತಂತ್ರಾಂಶವನ್ನು ಸರಿಪಡಿಸಿತು.

ಆದ್ದರಿಂದ ಯಾವುದನ್ನು ತೂರಬಹುದು, ಯಾವುದನ್ನು ಕೂಡದು ಎಂಬ ವಿವೇಕ ಬೇಕು. ವೈದ್ಯರು ನೋಡಬೇಕಾದ ಎಕ್ಸ್-ರೇ, ನ್ಯಾಯಾಲಯಕ್ಕೆ ಹೋಗುವ ಸಾಕ್ಷಿ, ಶಾಸನ ಮತ್ತು ತಾಳೆಗರಿಗಳ ಸಂಗ್ರಹದ ಮೂಲಪ್ರತಿ, ಇವುಗಳಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮವೇ ಮುಂದೊಂದು ದಿನ ಮುಖ್ಯವಾಗಬಹುದು. ಅವನ್ನು ಒತ್ತಿಡಬೇಕು, ತೂರಬಾರದು. ಜಾಲಪುಟಕ್ಕೆ ಹಾಕುವುದು ಅವುಗಳ ಹಗುರವಾದ ಪ್ರತಿಯಾಗಲಿ. ಮೂಲ ಹಾಗೆಯೇ ಇರಲಿ. ಜೆಪೆಗ್ ಚಿತ್ರವನ್ನು ತಿದ್ದಿ ತಿದ್ದಿ ಮತ್ತೆ ಉಳಿಸುತ್ತ ಹೋದರೆ ಪ್ರತಿ ಸಲವೂ ಒಂದಿಷ್ಟು ತೂರಿದಂತೆಯೇ ಆಗುತ್ತದೆ ಎಂಬುದೂ ನೆನಪಿರಲಿ.

ಕಾಯುವವರು ಯಾರು?

ವೇಗದ ಸಂಪರ್ಕ ಎಲ್ಲ ಕಡೆ ಬಂದಿದೆಯಲ್ಲ, ಇನ್ನೇಕೆ ಈ ಉಳಿತಾಯ ಎಂದು ನೀವು ಕೇಳಬಹುದು. ನಿಮ್ಮ ಕಾಲೇಜಿನ ವಾರ್ಷಿಕೋತ್ಸವದ ಹತ್ತು ಫೋಟೋಗಳನ್ನು ತೆಗೆದ ಹಾಗೆಯೇ, ನಾಲ್ಕು ಮೆಗಾಬೈಟಿನಂತೆ, ಕಾಲೇಜಿನ ಜಾಲಪುಟದಲ್ಲಿ ಹಾಕಿದಿರೆನ್ನಿ. ಒಟ್ಟು 40 ಮೆಗಾಬೈಟ್, ಅಂದರೆ 32 ಕೋಟಿ ಬಿಟ್. ಪಿ.ಜೆ. ಬಡಾವಣೆಯ ಮನೆಯಲ್ಲಿ ಫೈಬರ್ ಸಂಪರ್ಕವಿದ್ದವರಿಗೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದೀತು. ಜಗಳೂರು ಕಡೆಯ ಹಳ್ಳಿಯಲ್ಲಿ, ಸೆಕೆಂಡಿಗೆ 20 ಲಕ್ಷ ಬಿಟ್ ಸಿಗುವ ಮೊಬೈಲ್ ಹಿಡಿದು ಅದೇ ಪುಟದಲ್ಲಿ ಪರೀಕ್ಷಾ ಶುಲ್ಕದ ಕೊನೆಯ ದಿನಾಂಕ ಹುಡುಕುವ ಸಹಪಾಠಿಗೆ 160 ಸೆಕೆಂಡು. ಅವಳ ಡೇಟಾದ ದುಡ್ಡೂ ಅಷ್ಟಕ್ಕೆ ಅಷ್ಟೇ ಖರ್ಚು. ಒಂದೊಂದು ಫೋಟೋವನ್ನೂ 100 ಕಿಲೋಬೈಟಿಗೆ ಇಳಿಸಿದ್ದರೆ? ನಾಲ್ಕೇ ಸೆಕೆಂಡು. ಫೋಟೋ ಹಾಕುವವರಿಗೆ ತಗಲುವ ಶ್ರಮ ಐದು ನಿಮಿಷ. ಅದನ್ನು ಮಾಡದಿದ್ದರೆ ಅದರ ಬೆಲೆ ತೆರುವವರು ನಿಧಾನ ಸಂಪರ್ಕದ ತುದಿಯಲ್ಲಿ ಕುಳಿತವರು.

ಮಾಡಬೇಕಾದ್ದು ಹೆಚ್ಚೇನಿಲ್ಲ. ಮೊದಲು ಅಳತೆ ಇಳಿಸಿ. ಪುಟದಲ್ಲಿ 800 ಚುಕ್ಕೆ ಅಗಲಕ್ಕೆ ಕಾಣುವ ಚಿತ್ರಕ್ಕೆ 4000 ಚುಕ್ಕೆ ಅಗಲ ಬೇಕಿಲ್ಲ. 4000 ಬೈ 3000 ಇದ್ದದ್ದನ್ನು 800 ಬೈ 600 ಮಾಡಿದರೆ ಚುಕ್ಕೆಗಳು 25ರಲ್ಲಿ ಒಂದು ಪಾಲಾಗುತ್ತವೆ. ಅನಂತರ ಗುಣಮಟ್ಟವನ್ನು 75 ಅಥವಾ 80ಕ್ಕೆ ಇಟ್ಟು ಜೆಪೆಗ್ ಅಥವಾ ವೆಬ್‌ಪಿ ರೂಪದಲ್ಲಿ ಉಳಿಸಿ. ಫೋಟೋದೊಳಗೆ ತೆಗೆದ ಸ್ಥಳ, ಸಮಯದ ವಿವರ ಅಡಗಿರುವುದುಂಟು. ಅದನ್ನು ಅಳಿಸಿದರೆ ತೂಕವೂ ಇಳಿಯುತ್ತದೆ, ಮನೆಯ ವಿಳಾಸವೂ ಗುಟ್ಟಾಗಿ ಉಳಿಯುತ್ತದೆ. ಪುಟದ ಕೆಳಭಾಗದ ಚಿತ್ರಗಳು ಓದುಗರು ಅಲ್ಲಿಗೆ ಬಂದಾಗ ಮಾತ್ರ ಇಳಿಯುವಂತೆ ಮಾಡುವ ಸೌಲಭ್ಯವೂ ಈಗ ಇದೆ. ಪುಟ ಕಟ್ಟುವವರಿಗೆ ಅದು ಒಂದು ಪದ ಸೇರಿಸುವಷ್ಟೇ ಕೆಲಸ.

ಓದಿದ್ದನ್ನು ಕೈಯಾರೆ ಪರೀಕ್ಷಿಸಲು ಒಂದು ಪ್ರಯೋಗ ಹೇಳುತ್ತೇನೆ. ನಿಮ್ಮ ಊರಿನ ಹಳೆಯ ದೇವಾಲಯದ ಅಥವಾ ಜಾಲಿಕಿಟಕಿಯ ಚಿತ್ರವೊಂದನ್ನು ತೆಗೆಯಿರಿ. ಅದೇ ಅಳತೆಯಲ್ಲಿ ಬರಿಯ ಆಕಾಶದ ಚಿತ್ರವೊಂದನ್ನೂ ತೆಗೆಯಿರಿ. ಎರಡರಲ್ಲೂ ಚುಕ್ಕೆಗಳ ಸಂಖ್ಯೆ ಒಂದೇ. ಕಡತಗಳ ತೂಕ ನೋಡಿ. ಆಕಾಶ ಎಷ್ಟು ಹಗುರವೆಂದು ನೀವೇ ಬರೆದಿಟ್ಟುಕೊಳ್ಳಿ. ಆಮೇಲೆ ದೇವಾಲಯದ ಚಿತ್ರವನ್ನು ಗುಣಮಟ್ಟ 90, 70, 50, 30, 10ರಂತೆ ಐದು ಪ್ರತಿ ಮಾಡಿ, ಯಾವುದು ಎಷ್ಟೆಂದು ಹೇಳದೆ ಮನೆಯವರಿಗೂ ಗೆಳೆಯರಿಗೂ ತೋರಿಸಿ. ಯಾವ ಪ್ರತಿಯಿಂದ ಅವರಿಗೆ ವ್ಯತ್ಯಾಸ ಕಾಣತೊಡಗಿತು? 1987ರಲ್ಲಿ ಆ ಸಮಿತಿ ಮಾಡಿದ್ದೂ ಇದನ್ನೇ. ಕಾಳು ಎಲ್ಲಿ ಮುಗಿದು ಹೊಟ್ಟು ಎಲ್ಲಿ ಶುರುವಾಯಿತೆಂದು ನಿಮ್ಮ ಕಣ್ಣೇ ಹೇಳುತ್ತದೆ.